ನಂಬರ್ ಬರೆದುಕೊಂಡಿರಾ?

ಇಪ್ಪತ್ತೆರಡು ವರ್ಷ ಮಡಿಕೇರಿಯ ವಿಮೆ ಕಚೇರಿಯಲ್ಲಿ
ಮೂರನೇ ಮೇಜು ನನ್ನದು.
ಕಟ್ಟು ಹಾಕಿದ ಕೈ, ಹೊಲಿಗೆ ಬಿದ್ದ ಹುಬ್ಬು
ಎದುರಿನ ಕುರ್ಚಿಗೆ ಬಂದು ಕೂರುತ್ತಿದ್ದವು.
ತಲೆ ಎತ್ತದೆ ಕೇಳುತ್ತಿದ್ದೆ:
ಗುದ್ದಿದ ಗಾಡಿಯ ನಂಬರ್ ಬರೆದುಕೊಂಡಿರಾ?
ಫೋಟೊ? ಸಾಕ್ಷಿ?
ಅದೇ ದಿನ ಯಾಕೆ ಠಾಣೆಗೆ ಹೋಗಲಿಲ್ಲ?

ಕುಶಾಲಪ್ಪ ಅಂತ ಒಬ್ಬರು, ಮೂರ್ನಾಡಿನವರು,
ತಮ್ಮನನ್ನು ಕಳಕೊಂಡು ಬಂದಿದ್ದರು.
‘ಅವನ ತಲೆ ನನ್ನ ಮಡಿಲಲ್ಲಿತ್ತು ಮೇಡಂ,
ಯಾವ ಕೈಯಲ್ಲಿ ಬರೆಯಲಿ?’
ನಾನು ಆ ಕಾಲಂನಲ್ಲಿ ಗೀಟು ಎಳೆದೆ,
ಸ್ಕೇಲ್ ಇಟ್ಟು, ನೇರಕ್ಕೆ.

ಡಿಸೆಂಬರ್. ಬೋಯಿಕೇರಿ ಕಳೆದ ಮೇಲಿನ ತಿರುವು.
ಫೋನಿನಲ್ಲಿ ಕರೆಸಿದ ಕಾರು, ಪಾಲಿನ ಬಾಡಿಗೆ:
ಮುಂದೆ ಇಯರ್‌ಫೋನಿನ ಹುಡುಗ,
ಹಿಂದೆ ನಾನು, ಪಕ್ಕದಲ್ಲಿ ದೇಚಕ್ಕ,
ಅವರ ಮಡಿಲಲ್ಲಿ ಕಡಂಬಿಟ್ಟಿನ ಸ್ಟೀಲ್ ಡಬ್ಬಿ.
ಡ್ರೈವರ್ ಮೊಯ್ದು ನಿಧಾನಕ್ಕೇ ಇಳಿಸುತ್ತಿದ್ದ,
ಇದನ್ನು ದಯವಿಟ್ಟು ದಾಖಲಿಸಿ.
ಎದುರಿನಿಂದ ಕಾಫಿ ಮೂಟೆಯ ಪಿಕಪ್
ತಿರುವನ್ನು ತನ್ನಪ್ಪನ ಮನೆಯಂಗಳ ಅಂದುಕೊಂಡು ಬಂತು.

ಸದ್ದು ನೆನಪಿಲ್ಲ.
ಆಮೇಲಿನ ಮೌನ ನೆನಪಿದೆ. ಅದರೊಳಗೆ ಇಂಡಿಕೇಟರ್ ಒಂದು
ಟಿಕ್ ಟಿಕ್ ಎನ್ನುತ್ತ ಎಲ್ಲಿಗೋ ತಿರುಗುತ್ತಲೇ ಇತ್ತು.
ರಸ್ತೆ ತುಂಬ ಕೆಂಪು.
ರಕ್ತವಲ್ಲ, ಕಾಫಿ ಹಣ್ಣು.
ಬರೀ ಕಾಫಿ ಹಣ್ಣೂ ಅಲ್ಲ.

ಏನು ಮಾಡಬೇಕು ಎಂಬುದು ನನಗೆ ಬಾಯಿಪಾಠ.
ಮೊದಲು ನಿನ್ನ ಕೈಕಾಲು ನೋಡಿಕೊ.
ಇಂಜಿನ್ ಆರಿಸಲು ಹೇಳು.
ಕಣಿವೆ ಕಡೆಯ ಬಾಗಿಲು ಬೇಡ, ದಿಣ್ಣೆ ಕಡೆಯದರಿಂದ ಇಳಿ.
ತಿರುವಿನಾಚೆ ಒಬ್ಬರು ನಿಲ್ಲಲಿ, ಬರುವ ಬಸ್ಸಿಗೆ ಕೈ ಬೀಸಲಿ.
ನೂರ ಹನ್ನೆರಡು ಒತ್ತು.
ಗಾಡಿ ಸರಿಸುವ ಮುಂಚೆ ಫೋಟೊ ಹಿಡಿ:
ಎರಡೂ ನಂಬರ್ ಪ್ಲೇಟು, ಚಕ್ರದ ಗೀರು, ಮೈಲಿಗಲ್ಲು,
ಫೋನಿನೊಳಗಿನ ಪ್ರಯಾಣದ ಪುಟವನ್ನೂ.

ಎಲ್ಲ ಗೊತ್ತಿತ್ತು.
ಅಷ್ಟರಲ್ಲಿ ಸೀಟುಗಳ ನಡುವೆ ವಾಲಿದ ಮೊಯ್ದುವಿನ ತಲೆ
ನನ್ನ ಅಂಗೈಗೆ ಬಂದು ಬಿತ್ತು.
ಬೆಚ್ಚಗಿತ್ತು. ತೆಂಗಿನೆಣ್ಣೆಯ ವಾಸನೆ.
ಅವನು ಕೇಳಿದ್ದು ಒಂದೇ: ‘ಅಕ್ಕಾ, ಐಡಿ ಬ್ಲಾಕ್ ಮಾಡ್ತಾರಾ?’
ಯಾವ ಕೈಯಲ್ಲಿ ಬರೆಯಲಿ, ಕುಶಾಲಪ್ಪನವರೇ?

ಬರೆದದ್ದು ದೇಚಕ್ಕ.
ಕನ್ನಡಕ ಒಡೆದಿತ್ತು, ಒಂದೇ ಗಾಜಿನಲ್ಲಿ ಇಣುಕಿ
ಡಬ್ಬಿಯ ಮುಚ್ಚಳದ ಮೇಲೆ ಕಾಡಿಗೆ ಕಡ್ಡಿಯಿಂದ
ಪಿಕಪ್ಪಿನ ನಂಬರ್, ದೊಡ್ಡ ಅಕ್ಷರದಲ್ಲಿ.
ಬಿಳುಚಿಕೊಂಡ ಹುಡುಗನ ಭುಜಕ್ಕೆ ಒಂದು ಏಟು:
‘ಕಿವಿಯದ್ದು ತೆಗಿ. ಫೋಟೊ ಹೊಡಿ.’

ಪಿಕಪ್ಪಿನ ಧಣಿ ಬೇಗ ಬಂದ, ಆಂಬುಲೆನ್ಸಿಗಿಂತ ಬೇಗ.
ಜೇಬಿನಲ್ಲಿ ನೋಟು, ಕೈಯಲ್ಲಿ ಬಿಳಿ ಹಾಳೆ.
‘ಯಾರಿಗೂ ಏನೂ ಆಗಲಿಲ್ಲವಲ್ಲ, ಇಲ್ಲೇ ಮುಗಿಸುವ.’
ಆಗ ಮಾತ್ರ ಮೂರನೇ ಮೇಜಿನವಳಿಗೆ ದನಿ ಬಂತು:
ಸಹಿ ಹಾಕಬೇಡಿ, ಯಾರೂ.
ನೋವು ಅಪಘಾತದ ಜೊತೆ ಬರುವುದಿಲ್ಲ.
ಮೂರನೇ ದಿನ, ಹಲ್ಲುಜ್ಜುವಾಗ,
ಕತ್ತು ತಿರುಗಿಸಿದರೆ ಬರುತ್ತದೆ.
ಅದು ಬರುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ದೇಚಕ್ಕ ‘ನನಗೆಂತ ಇಲ್ಲ’ ಎಂದರು.
ಬಲವಂತಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ
ಎರಡು ಪಕ್ಕೆಲುಬು ಬಿರುಕು.
ಮೊಯ್ದುವಿಗೆ ಹನ್ನೊಂದು ಹೊಲಿಗೆ.
ನನ್ನದು ಕತ್ತು.

ರಾತ್ರಿ ಫೋನು ಕೇಳಿತು, ನಿಮ್ಮ ಪ್ರಯಾಣ ಹೇಗಿತ್ತು?
ಐದು ಖಾಲಿ ನಕ್ಷತ್ರ.
ನಕ್ಷೆಯಲ್ಲಿ ಪುಟ್ಟ ಕಾರು ಇನ್ನೂ ಆ ತಿರುವಿನಲ್ಲೇ.
ಮೊಯ್ದುವಿನ ಹೆಸರಿಗೆ ಐದೂ ಒತ್ತಿದೆ,
ಕಂಪನಿಗೆ ದೂರನ್ನೂ ಬರೆದೆ. ಎರಡೂ ನಿಜ.

ಮರುವಾರ ನನ್ನದೇ ಅರ್ಜಿ ನಾನೇ ತುಂಬಿಸಿದೆ.
ವಾಹನ ಸಂಖ್ಯೆ: ಮುಚ್ಚಳ ನೋಡಿ.
ಸಾಕ್ಷಿ: ದೇಚಕ್ಕ, ಮತ್ತೆ ಆ ಹುಡುಗ.
ತಲೆ ಹಿಡಿದುಕೊಂಡಿದ್ದೆ ಅನ್ನುವುದಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ,
ಸ್ಕೇಲ್ ಇಲ್ಲದೆ, ಸೊಟ್ಟಕ್ಕೆ.