ಮೂರನೆಯ ಡಬ್ಬಿ

ಕಪನೂರಿನ ದಾಲ್ ಮಿಲ್ಲಿನ ಹಿಂದೆ
ತೂಕದ ಕಟ್ಟೆಗೆ ಅಂಟಿಕೊಂಡ ಖೋಲಿ.
ಒಂದು ಟೇಬಲ್ಲು, ಹಳೆಯ ಕಂಪ್ಯೂಟರು,
ಕೀಲಿಮಣೆಯ ಸಂದಿಯಲ್ಲಿ ತೊಗರಿ ಹೊಟ್ಟು.
ನಾನು ಬರೆದ ಪ್ರೋಗ್ರಾಮು ಅಲ್ಲಿ ಓಡುತ್ತದೆ,
ಸಿ ಭಾಷೆಯಲ್ಲಿ, ನೂರಾ ಹನ್ನೊಂದು ಸಾಲು.

ಕಟ್ಟೆಯ ಮೇಲೆ ಲಾರಿ ನಿಂತು ಅಲ್ಲಾಡುವುದು ಬಿಟ್ಟರೆ
ತಂತಿಯೊಳಗೆ ಇಪ್ಪತ್ತಾರು ಬೈಟು ಹೊರಡುತ್ತವೆ:
ಎಂಟು, ತಾರೀಖು ವೇಳೆಗೆ;
ಹನ್ನೆರಡು, ಗಾಡಿಯ ನಂಬರಿಗೆ;
ಕೊನೆಯ ಆರು, ತೂಕಕ್ಕೆ.
ಒಂದೇ ಬಫರಿಗೆ ಸುರಿದುಕೊಂಡು
ಆಮೇಲೆ ಕೊಯ್ದು ಹಂಚುವ ಬೇಸರ ಯಾಕೆಂದು
ಮೂರು ಬಫರುಗಳ ವಿಳಾಸ, ಮೂರರ ಅಳತೆ
ಪಟ್ಟಿ ಮಾಡಿ ರೀಡ್‌ವಿ ಕೈಗೆ ಕೊಟ್ಟೆ.
ಒಂದೇ ಕರೆ. ಮೂರೂ ತುಂಬುತ್ತವೆ.
ಆ ರಾತ್ರಿ ನನಗೆ ನಾನೇ ಶಾಭಾಸ್ ಅಂದುಕೊಂಡೆ.

ಮೂರನೇ ವಾರ, ಸಂಜೆ ಏಳರ ಹೊತ್ತಿಗೆ
ಹಮಾಲ ನಾಗಿಂದ್ರಪ್ಪ ಚೀಟಿ ಹಿಡಿದು ಬಂದ.
"ಅಕ್ಕೋರೆ, ಈ ಗಾಡಿ ನಾ ಎಂದೂ ನೋಡಿಲ್ರಿ.
ತಲಿ ಸೊಲ್ಲಾಪುರದ್ದು, ಬಾಲ ನಮ್ಮೂರಿಂದು.
ತೂಕ ನೋಡಿದ್ರ ಹಿಂದಿನ ಗಾಡೀದೇ ಅದ.
ಒಂದ್ ಕಿಲೋ ಹೆಚ್ಚಿಲ್ಲ, ಒಂದ್ ಕಿಲೋ ಕಮ್ಮಿಲ್ಲ."
ಹೊರಗೆ ಡ್ರೈವರ್ ಮಶಾಕ ಸ್ಟೇರಿಂಗಿಗೆ ತಲೆಯಾನಿಸಿ ನಗುತ್ತಿದ್ದ,
ಅವನ ಗಾಡಿಯಲ್ಲಿ ಇದ್ದದ್ದು ಬರೀ ನಲವತ್ತು ಚೀಲ.

"ಡಬ್ಬಿ ಝಾಡಿಸಿಲ್ಲೇನ್ರಿ? ತಳದಾಗ ಹಳೇ ಕಾಳು ಉಳಿದಿರ್ತಾವ."
ಹೌದಲ್ಲ ಎಂದುಕೊಂಡೆ.
ಓದುವ ಮೊದಲು ಮೂರಕ್ಕೂ ಸೊನ್ನೆ ತುಂಬಿದೆ.
ಮರುದಿನ ಗೇಟು ದಾಟಿ ಹೊರಟಿತು
ಅರ್ಧ ನಂಬರಿನ ಒಂದು ಲಾರಿ,
ತೂಕ ಸೊನ್ನೆ ಕಿಲೋ.
ಹಳೆ ಸುಳ್ಳು ಹೋಗಿ
ಹೊಸ ಸುಳ್ಳು ಬಂದು ಕೂತಿತ್ತು.

ಮಿಲ್ಲಿನೊಳಗೆ ಹೋಗಿ ಸುಮ್ಮನೆ ನಿಂತೆ.
ಜರಡಿ ಕುಣಿಯುತ್ತಿತ್ತು. ದಪ್ಪ ಬೇಳೆ ಅತ್ತ,
ಸಣ್ಣದು ಇತ್ತ, ನುಚ್ಚು ಕೆಳಗೆ.
ಪ್ರತಿ ಕಾಳಿಗೂ ತನ್ನ ತೂತು ಗೊತ್ತು.
ನನ್ನ ಮೂರು ಬಫರೂ ಹೀಗೇ ಎಂದು ನಂಬಿದ್ದೆ.
ಅದು ಜರಡಿಯಲ್ಲ, ಸಾಲು.
ಮೊದಲ ಡಬ್ಬಿ ಕಂಠಮಟ್ಟ ತುಂಬುವ ತನಕ
ಎರಡನೆಯದಕ್ಕೆ ಒಂದು ಕಾಳೂ ಇಲ್ಲ;
ಎರಡನೆಯದು ಅರ್ಧವಾಗುವಾಗ ಬರುವುದು ನಿಂತರೆ
ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ.
ತಂತಿಗೆ ಗಾಡಿ ಗೊತ್ತಿಲ್ಲ, ತೂಕ ಗೊತ್ತಿಲ್ಲ.
ಬೈಟಿನ ಹಿಂದೆ ಬೈಟು, ಅಷ್ಟೇ,
ಎಲ್ಲಿ ಉಸಿರು ಬಿಡಬೇಕೆನ್ನುವುದು ಅದರ ಮರ್ಜಿ.

ಅದು ನನಗೆ ಹೇಳಿತ್ತು ಕೂಡ.
ಪ್ರತಿ ಸಲ ಹಿಂದಿರುಗಿ ಬಂದು
ಒಂದೇ ಒಂದು ಅಂಕಿ ಹೇಳುತ್ತದೆ, ಬಂದದ್ದು ಎಷ್ಟೆಂದು.
ಆ ಸಂಜೆ ಹೇಳಿದ್ದು ಹದಿನೈದು.
ಅದನ್ನು ಇಟ್ಟುಕೊಳ್ಳಲು
ನಾನು ಒಂದು ಹೆಸರನ್ನೂ ತೆಗೆದಿಟ್ಟಿರಲಿಲ್ಲ.
ನೂರಾ ಹನ್ನೊಂದು ಸಾಲಿನಲ್ಲಿ
ಆ ಒಂದು ಮಾತಿಗೆ ಜಾಗವಿರಲಿಲ್ಲ.

ಈಗ ಕೇಳುತ್ತೇನೆ.
ಹದಿನೈದರಲ್ಲಿ ಎಂಟು ಮೊದಲನೆಯದಕ್ಕೆ, ಅದು ತುಂಬಿತು, ದಾಟು.
ಉಳಿದ ಏಳು ಎರಡನೆಯದರಲ್ಲಿ.
ಅದರ ವಿಳಾಸವನ್ನು ಏಳು ಮನೆ ಮುಂದೆ ಸರಿಸು,
ಅಳತೆಯಿಂದ ಏಳು ಕಳೆ,
ಮತ್ತೆ ಕರೆ.
ಬೇಕಾದದ್ದು ಹನ್ನೊಂದು, ಬರಬಹುದು ನಾಲ್ಕು, ಬರಬಹುದು ಒಂದೇ.
ಸೊನ್ನೆ ಬಂತೋ, ಆ ಕಡೆಯವರು ಎದ್ದು ಹೋದರು,
ಚೀಟಿ ಹರಿಯಕೂಡದು.
ಸಾಲುಗಳು ಈಗ ನೂರಾ ಮೂವತ್ತೆಂಟು,
ಚಂದವಂತೂ ಕಡಿಮೆಯಾಯಿತು.

ನಿನ್ನೆ ಲೈಟು ಹೋಗಿ ಬಂದಾಗ
ಮಶಾಕನ ಗಾಡಿ ಕಟ್ಟೆಯ ಮೇಲೇ ಸಿಕ್ಕಿಬಿತ್ತು.
ಪರದೆಯ ಮೂಲೆಯಲ್ಲಿ ಹದಿನೈದು ಎಂದು ಮಿಣುಕುತ್ತಿತ್ತು.
ಅವನು ಹಾರ್ನು ಒತ್ತಿದ, ಮತ್ತೆ ಒತ್ತಿದ,
ಚೀಟಿ ಕೊಡ್ರಿ, ಹಿಂದ ಐದು ಗಾಡಿ ನಿಂತಾವ ಎಂದು ಕೂಗಿದ.
ನಾನು ಬಾಯಿ ತೆರೆಯುವ ಮೊದಲೇ
ಕಿಟಕಿಯಲ್ಲಿ ಇಣುಕಿದ ನಾಗಿಂದ್ರಪ್ಪ
ಹೆಗಲ ಟವೆಲು ಝಾಡಿಸಿ ಅವನಿಗೆ ಹೇಳಿದ,
"ತಡಿಯೋ ಮಾರಾಯ,
ಇನ್ನಾ ಹನ್ನೊಂದು ಬರ್ಬೇಕದ."