ಎರಡೇ ಚಿತ್ರಗಳ ಕುಣಿತ

ಅಕ್ಕಿಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಹದಿನಾಲ್ಕು ಕಾರ್ಟ್ರಿಜ್,
ಹಚಿನೊಹೆಯ ಬಂದರಿಗೆ ಇಳಿಯುವ ಬೀದಿಯ ನನ್ನ ಅಂಗಡಿಗೆ.
"ಅಕ್ಕನವು" ಎಂದಳು. ಅಷ್ಟೇ.
ಎಂಟುನೂರು ಯೆನ್. ಚೌಕಾಸಿ ಮಾಡಲಿಲ್ಲ.
ರಸೀದಿಗೆ ಹೆಸರು ಬರೆಸಿದೆ: ಹಾಶಿಕಾಮಿ ಮಿಯೊ.

ಮಾರುವ ಮುನ್ನ ಅಳಿಸಬೇಕು. ಅದು ನಿಯಮ,
ನಾನೇ ಬರೆದು ಗೋಡೆಗೆ ಅಂಟಿಸಿದ್ದು.
ಇಪ್ಪತ್ತು ವರ್ಷದಲ್ಲಿ ಎಷ್ಟು ಮಕ್ಕಳ ಬೇಸಿಗೆರಜೆಯನ್ನು
ಈ ಹೆಬ್ಬೆರಳಿನಿಂದ ಒರೆಸಿಹಾಕಿದೆನೋ
ಲೆಕ್ಕವಿಟ್ಟಿಲ್ಲ.

ಹನ್ನೊಂದನೆಯದನ್ನು ತೆರೆದೆ.
ಆಡಿದ ಹೊತ್ತು: ಒಂಬೈನೂರ ತೊಂಬತ್ತೊಂಬತ್ತು ಗಂಟೆ
ಐವತ್ತೊಂಬತ್ತು ನಿಮಿಷ.
ಅದರಾಚೆ ಎಣಿಸಲು ಆ ಯಂತ್ರಕ್ಕೆ ಬಾರದು.
ಆರು ಜೀವಗಳಿಗೆ ಜಾಗವಿದ್ದಲ್ಲಿ ಒಂದೇ ಒಂದು:
ಯುರಮಾಯಿ.

ಯಾರೂ ಹಿಡಿಯದ ಭೂತ ಅದು.
ಬೆಂಕಿ ಉಗುಳದು, ಸಿಡಿಲು ಕರೆಯದು.
ಬೂದಿಬಣ್ಣದ ತೋಳು, ಹಣೆಯಿಂದ ಗದ್ದದವರೆಗೆ ಮುಸುಕು.
ಕಲಿತದ್ದು ಒಂದೇ ವಿದ್ಯೆ, 'ಶೋಕದ ಹೆಜ್ಜೆ':
ಎದುರಾಳಿಯ ಕಾಲು ಭಾರವಾಗುತ್ತದೆ,
ತನ್ನದೂ.
ಅಂಗಡಿಗೆ ಬರುವ ಹುಡುಗರು
ಒಂದಕ್ಕೊಂದು ಬದಲಿ ಮಾಡಿಕೊಳ್ಳುವಾಗ
ಇದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಿದ್ದರು.

ಇವಳು ಬೆಳೆಸಿದ್ದಾಳೆ, ಎಂಬತ್ತೇಳನೆಯ ಮಟ್ಟಕ್ಕೆ.
ಅಡ್ಡಹೆಸರಿಗೆ ಐದೇ ಅಕ್ಷರದ ಜಾಗ.
ಇಟ್ಟದ್ದು: 'ನಾಳೆಯೂ'.
ಚೀಲದ ತುಂಬ ಗಾಯದ ಮದ್ದು,
ತೊಂಬತ್ತೊಂಬತ್ತು ಶೀಶೆ, ಒಂದನ್ನೂ ಒಡೆದಿಲ್ಲ.

ನಿಜ ಹೇಳಬೇಕೆಂದರೆ ಕುಣಿತ ಅಂಥದ್ದೇನಲ್ಲ.
ಎರಡೇ ಚಿತ್ರ. ಎಡಗಾಲು. ಬಲಗಾಲು.
ಬರೆದವನಿಗೆ ಅಷ್ಟೇ ಜಾಗ ಕೊಟ್ಟರೋ,
ಕೊನೆಯ ರೈಲು ಹಿಡಿಯುವ ಅವಸರವಿತ್ತೋ.
ನಡುವಿನದನ್ನೆಲ್ಲ ನೋಡುವವನ ಕಣ್ಣೇ ಕುಣಿಯಬೇಕು.
ಆದರೆ ಓಬೊನ್ ರಾತ್ರಿ ಗುಡಿಯಂಗಳದಲ್ಲಿ
ಮೀನುಮಾರುಕಟ್ಟೆಯ ಹೆಂಗಸರು ಸುತ್ತುವುದನ್ನು ನೋಡಿದ್ದೇನೆ:
ಯಾರೂ ನಗುವುದಿಲ್ಲ, ಯಾರೂ ಅಳುವುದಿಲ್ಲ,
ಪಕ್ಕದಲ್ಲಿ ಇನ್ನೊಬ್ಬರು ಕಾಲಿಡುವಷ್ಟು
ಜಾಗ ಬಿಟ್ಟು ಸುತ್ತುತ್ತಾರೆ.
ಆ ಜಾಗ ಇದರ ಪಕ್ಕದಲ್ಲೂ ಇತ್ತು.

ಕಾರ್ಟ್ರಿಜ್ ಬಿಚ್ಚಿ ಮೀಟರ್ ಹಿಡಿದೆ.
ಅಂಗಿಯ ಗುಂಡಿಯಷ್ಟು ಬ್ಯಾಟರಿ, ಎರಡು ವೋಲ್ಟ್, ಮೇಲೊಂದು ಚೂರು.
ಬಿಟ್ಟರೆ ಈ ಚಳಿಗಾಲ ದಾಟದು.
ಬದಲಿಸೋಣವೆಂದು ಕಿತ್ತರೆ
ಕಿತ್ತ ಕ್ಷಣವೇ ಎಲ್ಲ ಮಾಯ.
ಅಳಿಸುವ ಕೆಲಸವೂ ನನಗೆ ತಪ್ಪುತ್ತಿತ್ತು.

ಶಟರ್ ಎಳೆದೆ.
ಎರಡು ಪೆನ್ಸಿಲ್ ಸೆಲ್, ಎರಡು ತಂತಿ.
ಒಂದು ಕಡೆಯಿಂದ ಎರವಲು ಉಸಿರು ಕೊಡುತ್ತ
ಇನ್ನೊಂದು ಕಡೆ ಹಳೆಯದನ್ನು ಬಿಡಿಸಿಕೊಳ್ಳಬೇಕು.
ಕೈ ನಡುಗಬಾರದು. ನಡುಗಿತು.
ಬೆಸುಗೆಯ ಹೊಗೆ ಕಣ್ಣಿಗೆ.
ಹೊರಗೆ ಕಡಲಹಕ್ಕಿಗಳು ಬೆಕ್ಕಿನಂತೆ ಕೂಗುತ್ತಿದ್ದವು,
ಸ್ಕ್ವಿಡ್ ದೋಣಿಗಳು ಒಂದೊಂದೇ ದೀಪ ಹಚ್ಚಿಕೊಂಡು ಹೊರಟಿದ್ದವು.
ಹೊಸದು ಕೂತಿತು. ತಂತಿ ತೆಗೆದೆ.
ಗುಂಡಿ ಒತ್ತುವ ಮುನ್ನ, ಯಾಕೋ, ಕೈ ತೊಳೆದುಕೊಂಡು ಬಂದೆ.

ಎಡಗಾಲು.

ರಸೀದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.
"ತೋಮಬೆಚಿ, ಆಟದಂಗಡಿಯವನು" ಎಂದೆ,
ಬ್ಯಾಟರಿ, ವೋಲ್ಟು, ಗಂಟೆಗಳು, ಏನೇನೋ ಹೇಳಿದೆ,
ಹೇಳಬೇಕಾದ್ದು ಬಿಟ್ಟು.
"ಅಳಿಸಿಬಿಡಿ" ಎಂದಳು.
ಫೋನ್ ಇಡಲಿಲ್ಲ.
ಅವಳ ಕಡೆ ಪಾತ್ರೆ ತೊಳೆಯುವ ನಲ್ಲಿ ಹರಿಯುತ್ತಿತ್ತು.
ನಿಂತಿತು.

"ಈಗ ಯಾವ ಕಾಲು?"

"ಬಲ" ಎಂದೆ.
ಹೇಳಿ ಮುಗಿಸುವಷ್ಟರಲ್ಲಿ
ಎಡ.