ಏಳು

ಹಾಸನದ ಎಪಿಎಂಸಿ ಯಾರ್ಡಿನ ಹಿಂದೆ
ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ
ನಸುಕಿನ ನಾಲ್ಕಕ್ಕೆ ಓದುತ್ತಿದ್ದೇನೆ
ಕೊಣನೂರಿನ ತೀರ್ಥೇಶ ಕಳಿಸಿದ ತಿದ್ದುಪಡಿ.
ಹನ್ನೊಂದು ಸಾಲು ಕೆಂಪು, ನಾಲ್ಕು ಹಸಿರು.
ಕಡಿಮೆ ಬರೆಯುವವರ ಮೇಲೆ ನನಗೆ ಮೊದಲಿಂದಲೂ ಪ್ರೀತಿ,
ಅದಕ್ಕೇ ಎರಡು ಸಲ ಓದುತ್ತೇನೆ.

ಕೆಲಸ ಇಷ್ಟೆ: ಯಂತ್ರದ ಹೊಟ್ಟೆ ಸೀಳಿ
ಡೀಬಗರ್ ಉದ್ದಕ್ಕೂ ಹಾಸಿದ ಸಾಲುಗಳಲ್ಲಿ
ಮೊದಲು ವಿಳಾಸ, ಒಂದು ಕೋಲನ್,
ಆಮೇಲೆ ಜೋಡಿ ಜೋಡಿಯಾಗಿ ಬೈಟು,
ಕೊನೆಗೆ ಯಂತ್ರಕ್ಕೆ ಕೊಟ್ಟ ಅಪ್ಪಣೆ.
ಬೈಟು ಎಲ್ಲಿ ಮುಗಿದು ಅಪ್ಪಣೆ ಎಲ್ಲಿ ಶುರು
ಅಲ್ಲಿ ಕತ್ತರಿಸಬೇಕು.
ತೀರ್ಥೇಶನ ಕತ್ತರಿ ಹೇಳುತ್ತದೆ:
ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್,
ನಡುವೆ ಖಾಲಿಯಿದ್ದರೂ ಸರಿ, ಸಿಕ್ಕಷ್ಟೂ ಬಾಚಿಕೋ.

ಅವನ ಪರೀಕ್ಷೆ ಮೂರಕ್ಕೆ ಮೂರೂ ಪಾಸು.
ಮೂವ್, ಪುಶ್, ರೆಟ್.
ನಾನು ಇನ್ನೊಂದು ಕೊಟ್ಟು ನೋಡಿದೆ: ಆಡ್.
ಎ, ಡಿ, ಡಿ.
ಮೂರೂ ಅಕ್ಷರ ಹದಿನಾರರ ಲೆಕ್ಕದಲ್ಲಿ ಅಂಕಿಗಳೇ.
ಬಾಚಿಕೊಂಡಿತು.
ಉಳಿದದ್ದು ಒಂದು ಎಂಟು, ಒಂದು ರಿಜಿಸ್ಟರು.
ಏನನ್ನು, ಯಾವುದಕ್ಕೆ, ಎಲ್ಲ ಇದೆ,
ಕೂಡು ಎನ್ನುವ ಮಾತೇ ಇಲ್ಲ.
ತಪ್ಪೆಂದು ಯಾರೂ ಕೂಗಲಿಲ್ಲ. ಪರದೆ ತಣ್ಣಗಿತ್ತು.

ಅಷ್ಟರಲ್ಲಿ ಕೆಳಗೆ ಬಿತ್ತನೆ ಆಲೂಗಡ್ಡೆಯ ಲಾರಿ.
ಮೇಸ್ತ್ರಿ ಇನಾಯತ್ ಸಾಬರು ಟಾರ್ಚು ಹಾಯಿಸಿ
"ಏಳು!" ಎಂದರು.
ಮೂಟೆಗೊರಗಿ ಮಲಗಿದ್ದ ಜವರಪ್ಪ ಎದ್ದ.
ಚೀಟಿ ಬರೆಯುವ ಪುಟ್ಟಲಿಂಗಿ
ಏಳು ಅಂತ ಬರೆದುಕೊಂಡಳು.
"ಆರು ಆದ್ಮೇಲೆ ಅಂದ್ರೆ ಲೆಕ್ಕ ಕಣವ್ವ,
ಮಲಗಿದ್ದೋನ್ ತಲೆ ಹತ್ರ ನಿಂತು ಅಂದ್ರೂ ಲೆಕ್ಕಾನಾ?"
ಹೊಡೆದುಹಾಕುವ ಪೆನ್ನಿನ ಸದ್ದು ಇಲ್ಲಿಗೆ ಕೇಳುವುದಿಲ್ಲ,
ಕೇಳಿದಂತಾಯಿತು.

ಮೂವತ್ತೆರಡನೇ ಸಾಲಿನ ಪಕ್ಕ ಬರೆಯತೊಡಗಿದೆ:
ಅಕ್ಷರ ನಂಬಬೇಡ, ಅದು ನಿಂತ ಜಾಗ ನೋಡು.
ಬೈಟುಗಳಾದ ಮೇಲೆ ಒಂದು ಟ್ಯಾಬ್ ಇರುತ್ತದೆ, ಅಲ್ಲಿ ಕತ್ತರಿಸು.
ಆಡ್ ಒಂದು, ಡೆಕ್ ಒಂದು ಪರೀಕ್ಷೆಗೆ ಸೇರಿಸು.
ಇಷ್ಟೂ ಹೊಳೆಯಲಿಲ್ಲವೇ

ಅಲ್ಲಿಗೆ ಬಂದು ಬೆರಳು ನಿಂತಿತು.
ಕೆಂಪು ಸಾಲುಗಳನ್ನು ಯಾರು ಬರೆದದ್ದೆಂದು ತೆಗೆದು ನೋಡಿದೆ.
ನಾನೇ. ನಾಲ್ಕು ವರ್ಷದ ಹಿಂದೆ, ಇದೇ ಆಡ್‌ಗೋಸ್ಕರ
ಎಲ್ಲೋ ಒಂದು ರಾತ್ರಿ ಒದ್ದಾಡಿ ಕಟ್ಟಿದ ತಡೆಗೋಡೆ.
ಯಾಕೆಂದು ಒಂದು ಮಾತು ಬರೆದಿಡಲಿಲ್ಲ.
ಕಾರಣವಿಲ್ಲದ ಗೋಡೆಯನ್ನು ಹುಡುಗ ಕೆಡವಿದ.

ಕೊನೆಯ ಸಾಲು ಅಳಿಸಿದೆ. ಬದಲಿಗೆ
"ಇದು ನನ್ನ ತಪ್ಪೂ ಹೌದು" ಎಂದು ಬರೆದು
ಕಳಿಸುವ ಮೊದಲು ಕಿಟಕಿಗೆ ಹೋದೆ.
ಜವರಪ್ಪನ ಬೆನ್ನ ಮೇಲೆ ಮೂಟೆ.
ಪುಟ್ಟಲಿಂಗಿ ಜೋರಾಗಿ ಎಣಿಸುತ್ತಿದ್ದಾಳೆ:
ನಾಲ್ಕು, ಐದು,
ಆರು,